ತಣ್ಣಗಿದೆ ಎಂದ ಬೆರಳು

ಕುಂಕುಮದ್ದು ತಪ್ಪಿಲ್ಲ, ತಂತಿಯದ್ದೂ ತಪ್ಪಿಲ್ಲ. ನನ್ನ ಬೆರಳಿಗೆ ಬಿಸಿ ಗೊತ್ತಾಗುತ್ತಿರಲಿಲ್ಲ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅದರಿಂದಾಗಿ ಏಳು ತಿಂಗಳು ಸಿಗರೇಟು ಮುಟ್ಟದೆ ಇದ್ದವರೊಬ್ಬರು ಮತ್ತೆ ಸಿಗರೇಟು ಹಚ್ಚಿದರು. ನಡೆದದ್ದು ಇಷ್ಟೇ.

ನಾನು ಕೆಲಸ ಮಾಡುವುದು ಪರದೇಶದಲ್ಲಿ, ಮಗಳಿರುವ ಊರಿನ ಬೆರ್ರಿಯೆಸಾ ಬಡಾವಣೆಯ ಒಂದು ವೇಪ್ ಅಂಗಡಿಯಲ್ಲಿ. ರೈಲು ಸ್ಟೇಷನ್ನಿನಿಂದ ನಡೆದು ಬರುವಷ್ಟು ದೂರ, ಪಕ್ಕದಲ್ಲಿ ವಿಯೆಟ್ನಾಮಿನವರ ಊಟದ ಅಂಗಡಿ. ಯಜಮಾನ ಉಡುಪಿಯವನು, ನನ್ನ ಮಗಳ ವಯಸ್ಸು. ಮುಂದೆ ಅವನ ಕೌಂಟರು, ಹಿಂದಿನ ಕೋಣೆಯಲ್ಲಿ ನನ್ನ ಮೇಜು. ನಾನು ಓದಿದ್ದು ನಾಲ್ಕನೇ ಕ್ಲಾಸಿನ ತನಕ. ಬೆಂಗಳೂರಿನಲ್ಲಿ ಟ್ರಾನ್ಸ್‌ಫಾರ್ಮರಿಗೆ ಕಾಯಿಲ್ ಸುತ್ತುವ ಕಾರ್ಖಾನೆಯಲ್ಲಿದ್ದೆ. ಹಬ್ಬದ ಊಟದ ಸಾಲಿನಲ್ಲಿ ಈ ಮಾತು ಅವನ ಕಿವಿಗೆ ಬಿತ್ತು. "ನಮ್ಮದರಲ್ಲಿಯೂ ಕಾಯಿಲೇ ಸುತ್ತುವುದು ಅಮ್ಮ, ಸ್ವಲ್ಪ ಸಣ್ಣದು ಅಷ್ಟೆ" ಎಂದ. ಮುಂದಿನ ವಾರ ಬಂದು ಕೂತೆ. ಮಗಳು ತನ್ನ ಆಫೀಸಿನವರಿಗೆ ಅಮ್ಮ ಎಲೆಕ್ಟ್ರಾನಿಕ್ಸ್ ಶಾಪಿನಲ್ಲಿದ್ದಾರೆ ಎನ್ನುತ್ತಾಳೆ. ಸುಳ್ಳಲ್ಲ.

ವೇಪ್ ನೋಡದವರಿಗೆ ಹೇಳುತ್ತೇನೆ. ಅಂಗೈಯಲ್ಲಿ ಹಿಡಿಯುವ ಒಂದು ಡಬ್ಬಿ, ಒಳಗೆ ಬ್ಯಾಟರಿ. ಮೇಲೆ ತಿರುಗಿಸಿ ಕೂರಿಸುವ ಬುರುಡೆ. ಬುರುಡೆಯೊಳಗೆ ತಂತಿಯ ಸುರುಳಿ, ಸುರುಳಿಯೊಳಗೆ ಹತ್ತಿ. ಹತ್ತಿ ನಿಕೋಟಿನ್ ಬೆರೆಸಿದ ರಸ ಹೀರಿಕೊಂಡಿರುತ್ತದೆ. ಗುಂಡಿ ಒತ್ತಿದರೆ ತಂತಿ ಕಾಯುತ್ತದೆ, ರಸ ಹಬೆಯಾಗುತ್ತದೆ, ಅದನ್ನು ಸೇದುತ್ತಾರೆ. ಒಳ್ಳೆಯ ಡಬ್ಬಿಗಳಲ್ಲಿ ಬಿಸಿ ಎಷ್ಟಕ್ಕೆ ನಿಲ್ಲಬೇಕು ಎಂದು ನಾವೇ ಇಡಬಹುದು. ಡಬ್ಬಿಯೊಳಗೆ ಥರ್ಮಾಮೀಟರು ಇರುವುದಿಲ್ಲ. ತಂತಿ ಕಾದಂತೆ ಅದರ ಓಮ್ಸು, ಅಂದರೆ ಕರೆಂಟನ್ನು ತಡೆಯುವ ಅಳತೆ, ಏರುತ್ತದೆ. ತಣ್ಣಗಿದ್ದಾಗ ಎಷ್ಟಿತ್ತು ಎಂದು ಒಮ್ಮೆ ತೋರಿಸಿಕೊಟ್ಟರೆ, ಅಲ್ಲಿಂದ ಎಷ್ಟು ಏರಿತು ಎಂದು ನೋಡಿ ಬಿಸಿಯನ್ನು ಅಂದಾಜು ಮಾಡಿಕೊಳ್ಳುತ್ತದೆ. ಆ ತಣ್ಣನೆಯ ಅಂಕಿಯನ್ನು ಕೂರಿಸುವುದಕ್ಕೆ ಲಾಕ್ ಮಾಡುವುದು ಎನ್ನುತ್ತೇವೆ.

ತಂತಿ ಬೆಚ್ಚಗಿರುವಾಗಲೇ ಲಾಕ್ ಮಾಡಿದರೆ ಡಬ್ಬಿ ಮೋಸ ಹೋಗುತ್ತದೆ. ಆ ಬೆಚ್ಚಗಿನದನ್ನೇ ತಣ್ಣಗೆ ಅಂದುಕೊಂಡು ಅಲ್ಲಿಂದ ಎಣಿಸಲು ಶುರು ಮಾಡುತ್ತದೆ. ನಾನೂರ ಇಪ್ಪತ್ತು ಡಿಗ್ರಿಗೆ ನಿಲ್ಲಬೇಕಾದದ್ದು ಐನೂರು ದಾಟುತ್ತದೆ. ಇಲ್ಲಿಯ ಡಿಗ್ರಿ ಫ್ಯಾರನ್‌ಹೀಟಿನದು. ಐನೂರಕ್ಕೆ ಹತ್ತಿ ಕಪ್ಪಾಗುತ್ತದೆ, ಸೇದಿದವರ ಗಂಟಲು ಸುಡುತ್ತದೆ.

ತಂತಿ ತಣ್ಣಗಾಗಿದೆಯೇ ಎಂದು ತಿಳಿಯುವುದು ಹೇಗೆ? ಮುಟ್ಟಿ. ಕಾರ್ಖಾನೆಯಲ್ಲಿ ವಾರ್ನಿಷ್ ಹಾಕಿ ಒಲೆಯಿಂದ ತೆಗೆದ ಕಾಯಿಲನ್ನು ನಾವೆಲ್ಲ ಬೆರಳಲ್ಲಿ ಮುಟ್ಟಿ ನೋಡಿಯೇ ಮುಂದಿನವಳಿಗೆ ಕೊಡುತ್ತಿದ್ದದ್ದು. ಆ ಅಭ್ಯಾಸವನ್ನೇ ಇಲ್ಲಿಗೂ ತಂದೆ. ಚಾರ್ಜರಿನಲ್ಲಿರುವ ಬ್ಯಾಟರಿಗೂ ಅದೇ. ಉಗುರು ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ತೆಗೆದುಬಿಡಬೇಕು.

ಆಯುಧ ಪೂಜೆಗೆ ಯಜಮಾನ ಒಂದು ಆಸೆ ತೋರಿಸಿದ. ಹಬ್ಬದ ದಿನ ಡಬ್ಬಿ ತಂದಿಟ್ಟವರಿಗೆ ಸರ್ವಿಸ್ ಬಿಟ್ಟಿ, ಜೊತೆಗೆ ಪೂಜೆಯೂ ಆಗುತ್ತದೆ. ನಮ್ಮವರು ತಂದರು, ನಮ್ಮವರಲ್ಲದವರೂ ತಂದರು. ಹನ್ನೊಂದು ಬಂದವು. ಮಾಮೂಲಿ ದಿನ ನನ್ನ ಕೈಗೆ ಬರುವುದು ಎರಡು, ಹೆಚ್ಚೆಂದರೆ ಮೂರು. ಒಂದನ್ನು ತೊಳೆದಿಟ್ಟು ಊಟ ಮಾಡುತ್ತೇನೆ, ಇನ್ನೊಂದನ್ನು ಬಿಚ್ಚಿಟ್ಟು ಕಾಫಿ ಕುಡಿಯುತ್ತೇನೆ. ಅಷ್ಟರಲ್ಲಿ ಅವು ತಾವಾಗಿಯೇ ತಣ್ಣಗಾಗಿರುತ್ತಿದ್ದವು. ಇದು ನನಗೆ ಆಮೇಲೆ ಹೊಳೆದದ್ದು.

ಅವತ್ತು ಐದು ಗಂಟೆಗೆ ಪೂಜೆ. ಅದರೊಳಗೆ ಹನ್ನೊಂದೂ ಮುಗಿಯಬೇಕು. ರಸ ಚೆಲ್ಲುವುದು, ಬುರುಡೆ ಬಿಚ್ಚುವುದು, ಹಳೆ ಹತ್ತಿ ಎಳೆಯುವುದು. ಗುಂಡಿ ಒತ್ತಿ ಒತ್ತಿ ಬರಿ ತಂತಿಯನ್ನು ಕೆಂಪಗೆ ಮಾಡಿದರೆ ಅಂಟಿದ ಕರಿ ಉದುರುತ್ತದೆ, ಬ್ರಷ್ಷಿನಲ್ಲಿ ಉಜ್ಜುವುದು. ಸ್ಕ್ರೂ ಬಿಗಿ ಮಾಡುವುದು. ಬೆರಳಿಟ್ಟು ನೋಡುವುದು. ತಣ್ಣಗಿದೆ. ಲಾಕ್ ಮಾಡುವುದು. ಅಂಕಿಯನ್ನು ನನ್ನ ಪುಸ್ತಕದಲ್ಲಿ ಬರೆಯುವುದು. ಹೊಸ ಹತ್ತಿ ಹಾಕಿ ಮುಚ್ಚುವುದು. ಹನ್ನೊಂದು ಸಲ ತಣ್ಣಗಿದೆ ಎಂದುಕೊಂಡೆ.

ಪೂಜೆಯಲ್ಲಿ ಯಜಮಾನ ಎಲ್ಲ ಡಬ್ಬಿಗಳಿಗೂ ಗಂಧ ಹಚ್ಚಿ ಕುಂಕುಮ ಇಟ್ಟ. ಬ್ಯಾಟರಿಗಳನ್ನು ಹೊರಗೆ ತೆಗೆದು ಸಾಲಾಗಿ ನಿಲ್ಲಿಸಿ ಅವುಗಳ ತಲೆಗೂ ಇಟ್ಟ.

"ಬ್ಯಾಟರಿಗೂ ಬೇಕೇನಪ್ಪಾ?" ಎಂದೆ.

"ಅದಿಲ್ಲದಿದ್ದರೆ ಇದರಲ್ಲಿ ಎಂತ ಉಂಟು ಅಮ್ಮ? ಅದಕ್ಕೇ ಮೊದಲು ಇಡಬೇಕು" ಎಂದ.

ಆ ಹನ್ನೊಂದರಲ್ಲಿ ಒಂದು ಗಾರ್ಡಿನವರದ್ದು. ಮೈಸೂರಿನವರು, ರೈಲ್ವೆಯಲ್ಲಿ ಗಾರ್ಡಾಗಿದ್ದು ರಿಟೈರಾದವರು. ಈಗ ಕ್ಯುಪರ್ಟಿನೋದಲ್ಲಿ ಮಗಳ ಮನೆ. ಅಲ್ಲೇ ಹತ್ತಿರದಲ್ಲಿ ಇಂಥ ಅಂಗಡಿ ಇದ್ದರೂ ಮಗಳ ಸ್ನೇಹಿತರು ಯಾರಾದರೂ ನೋಡಿಯಾರು ಎಂದು ಎರಡು ಬಸ್ ಬದಲಾಯಿಸಿ ನಮ್ಮಲ್ಲಿಗೆ ಬರುತ್ತಾರೆ. ಮೂವತ್ತೆಂಟು ವರ್ಷದ ಸಿಗರೇಟು. ಮೊಮ್ಮಗಳಿಗೆ ನಾಲ್ಕು ವರ್ಷ. ಸಿಗರೇಟಿನ ವಾಸನೆ ಬಂದರೆ ಮೂಗು ಹಿಡಿದುಕೊಂಡು ಓಡಿಹೋಗುತ್ತಿದ್ದಳಂತೆ. ಈ ಡಬ್ಬಿ ಹಿಡಿದ ಮೇಲೆ ಸಿಗರೇಟು ಬಿಟ್ಟರು. ಡಬ್ಬಿ ಸೇದುವುದೂ ಬಾಲ್ಕನಿಯಲ್ಲಿ ನಿಂತು, ಅವಳು ಡೇಕೇರಿನಲ್ಲಿದ್ದಾಗ ಮಾತ್ರ.

ಹಬ್ಬದ ಮರುದಿನ ಡಬ್ಬಿ ತೆಗೆದುಕೊಂಡು ಹೋಗಲು ಬಂದಾಗ ಹೇಳಿದರು. "ಏಳು ತಿಂಗಳಾಯ್ತು ತಾಯಿ. ಈಗ ಸಂಜೆ ಆದ್ರೆ ತೊಡೆ ಮೇಲೆ ಬಂದು ಕೂತ್ಕೊತಾಳೆ. 'ತಾತಾ, ಯು ಸ್ಮೆಲ್ ಲೈಕ್ ಸೋಪ್' ಅಂತಾಳೆ. ಇಷ್ಟು ವರ್ಷದ ಸರ್ವಿಸಲ್ಲಿ ಯಾರೂ ನಂಗೆ ಇಂಥ ಸರ್ಟಿಫಿಕೇಟು ಕೊಟ್ಟಿರ್ಲಿಲ್ಲ."

"ಸೋಪು ಯಾವುದು?" ಎಂದೆ.

"ಅದು ಹೇಳಲ್ಲ. ಎಲ್ಲರೂ ಅದನ್ನೇ ತಗೊಂಡ್ಬಿಡ್ತೀರ" ಎಂದು ಹೋದರು.

ಮೂರು ದಿನಕ್ಕೆ ಬಂದರು. ಡಬ್ಬಿಯನ್ನು ಕೌಂಟರಿನ ಮೇಲೆ ಇಡದೆ ನೇರ ಹಿಂದೆ ಬಂದು ನನ್ನ ಮೇಜಿನ ಮೇಲಿಟ್ಟರು. "ಏನ್ ತಾಯಿ, ಪೂಜೆ ಮಾಡಿಸ್ಕೊಂಡು ಕಲ್ಲಿದ್ದಲು ಇಂಜಿನ್ ಆಗ್ಬಿಟ್ಟಿದೆ ಇದು."

ಬಿಚ್ಚಿದೆ. ಹತ್ತಿಯ ನಡುಭಾಗ ಕರಕಲು. ಬುರುಡೆ ಕೂರುವ ತಿರುಪಿನ ಒಳಗೆ ಕೆಂಪು ಪುಡಿ, ಬ್ಯಾಟರಿಯ ತಲೆಯ ಮೇಲೆ ಒಣಗಿದ ಗಂಧ. ಯಜಮಾನನನ್ನು ಕರೆದು ತೋರಿಸಿದೆ. ಕರೆಂಟು ಹಾಯುವ ಜಾಗದಲ್ಲಿ ಕೊಳೆ ಕೂತರೆ ಓಮ್ಸು ತಪ್ಪು ತೋರಿಸುತ್ತದೆ, ಅದು ನಿಜ. ಅವನು ಹಣೆ ಚಚ್ಚಿಕೊಂಡ. "ದೇವರಿಗೆ ಅಂತ ಮಾಡಿದ್ದು ಹೀಗಾಯ್ತಲ್ಲ ಮಾರಾಯ್ರೆ!" ಗಾರ್ಡಿನವರು ನಕ್ಕರು. ನನಗೂ ಕಾರಣ ಸಿಕ್ಕಿತು ಅನ್ನಿಸಿತು. ಕಾರಣ ಸಿಕ್ಕರೆ ಮನುಷ್ಯ ಮುಂದಕ್ಕೆ ಹುಡುಕುವುದಿಲ್ಲ.

ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ತಿರುಪು ಒರೆಸಿದೆ. ಬ್ಯಾಟರಿಯ ತಲೆಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಬ್ಯಾಟರಿಯ ಪ್ಲಾಸ್ಟಿಕ್ ಹೊದಿಕೆ ಒಂದು ಕಡೆ ಹರಿದಿತ್ತು. ಹರಿದ ಹೊದಿಕೆಯ ಬ್ಯಾಟರಿಯನ್ನು ಡಬ್ಬಿಗೆ ಹಾಕಬಾರದು. ಮೈಯೆಲ್ಲ ಮೈನಸ್ಸು, ತಲೆ ಪ್ಲಸ್ಸು, ಎರಡಕ್ಕೂ ನಡುವೆ ಇರುವುದು ಆ ತೆಳ್ಳನೆಯ ಪ್ಲಾಸ್ಟಿಕ್ಕು ಮತ್ತು ಒಂದು ಕಾಗದದ ಬಳೆ. ಹಳೆಯದನ್ನು ಸುಲಿದು, ಕಾಗದದ ಬಳೆ ಹೊಸದಿಟ್ಟು, ಹೊಸ ಕೊಳವೆಯೊಳಗೆ ತೂರಿಸಿ, ಬಿಸಿಗಾಳಿ ಊದಿದೆ. ಕೊಳವೆ ಮುದುರಿ ಚರ್ಮದಂತೆ ಅಂಟಿತು. ಚಾರ್ಜಿಗೆ ಹಾಕಿ ನಡುವೆ ಎರಡು ಸಲ ಮುಟ್ಟಿ ನೋಡಿದೆ. ಸರಿಯಿದೆ ಅನ್ನಿಸಿತು. ತಂತಿ ಕೆಂಪಾಗಿಸಿ ಉಜ್ಜಿ, ಮುಟ್ಟಿ ನೋಡಿ, ಲಾಕ್ ಮಾಡಿ, ಹತ್ತಿ ಹಾಕಿಕೊಟ್ಟೆ. ಅವರು ಅಲ್ಲೇ ಸ್ಟೂಲಿನ ಮೇಲೆ ಕಾಯುತ್ತಿದ್ದರು, ಬಸ್ಸಿಗೆ ಹೊತ್ತಾಗುತ್ತಿತ್ತು.

ಆ ವಾರ ಇನ್ನೂ ಆರು ಡಬ್ಬಿ ವಾಪಸು ಬಂದವು. ಎಲ್ಲದಕ್ಕೂ ಅದೇ ಮದ್ದು ಮಾಡಿದೆ. ಎರಡು ಸರಿಹೋದವು. ಅವುಗಳನ್ನು ತಂದವರು ಮರುದಿನ ಬರುತ್ತೇವೆಂದು ಬಿಟ್ಟುಹೋಗಿದ್ದರು, ನಾನು ಮರುದಿನ ಲಾಕ್ ಮಾಡಿದ್ದೆ. ಆಗ ಇದನ್ನು ನಾನು ಗಮನಿಸಲಿಲ್ಲ. ಎರಡು ಸರಿಹೋದವು, ಹಾಗಾದರೆ ಕುಂಕುಮವೇ ಎಂದುಕೊಂಡೆವು.

ಗಾರ್ಡಿನವರು ಮತ್ತೆ ಬಂದರು. ಗಂಟಲು ಕಟ್ಟಿತ್ತು. ಮಾತಿಗೊಮ್ಮೆ ಕೆಮ್ಮು.

"ತಾಯಿ, ಮೂರು ದಿನದಿಂದ ಇದನ್ನ ಬಾಯಿಗಿಡಕ್ಕೆ ಆಗ್ತಿಲ್ಲ. ಬಸ್ ಸ್ಟಾಪಲ್ಲಿ ಒಬ್ಬ ಸಿಗರೇಟು ಹಚ್ಚಿದ. ನನ್ನ ಬಸ್ಸು ಬಂತು, ಹತ್ತಲಿಲ್ಲ. ಅವನ ಹಿಂದೆನೇ ಎರಡು ಸ್ಟಾಪು ನಡ್ಕೊಂಡ್ ಹೋದೆ, ಬರೀ ವಾಸನೆಗೆ. ಕೊನೆಗೆ ಅವನೇ ತಿರುಗಿ ನಿಂತು ಏನು ಬೇಕು ಅಂತ ಕೇಳ್ದ."

"ಏನಂದ್ರಿ?"

"ಟೈಮೆಷ್ಟು ಅಂದೆ. ನನ್ನ ಕೈಯಲ್ಲೇ ವಾಚಿತ್ತು."

ಯಜಮಾನ ಈ ಸಲ ತಪ್ಪನ್ನು ತಂತಿಯ ಮೇಲೆ ಹಾಕಿದ. "ಈ ತಂತಿ ಉಂಡೆಯೇ ಸರಿ ಇಲ್ಲ ಅಮ್ಮ. ಬೇರೆ ಕಂಪನಿಯದ್ದು ತರುವ." ಹೊಸ ಉಂಡೆ ಬಂತು. ಹಳೆಯದರಲ್ಲಿ ಒಂದು ಗೇಣು, ಹೊಸದರಲ್ಲಿ ಒಂದು ಗೇಣು ಕತ್ತರಿಸಿ ಮೀಟರಿಗೆ ಹಿಡಿದೆ. ಎರಡೂ ಒಂದೇ. ಅವನಿಗೆ ಹೇಳಿದೆ. "ಆದರೂ ಹಾಕಿ ನೋಡುವ" ಎಂದ. ಹಾಕಿದೆ. ಮೊದಲು ಗಾರ್ಡಿನವರದ್ದನ್ನು ಲಾಕ್ ಮಾಡಿ ಕೊಟ್ಟು ಕಳಿಸಿದೆ. ಆಮೇಲೆ ಅಂಗಡಿಯ ಡಬ್ಬಿಯೊಂದಕ್ಕೂ ಹಾಕಿಕೊಟ್ಟರೆ, ಅವನು ತಾನೇ ಒಂದು ಸಲ ಸೇದಿ ನೋಡಿ ಸಿಂಕಿಗೆ ಹೋಗಿ ಉಗುಳಿದ.

ಇಷ್ಟು ಹೊತ್ತಿಗೆ ನನಗೆ ಅನುಮಾನ ಬರಬೇಕಿತ್ತು. ದೋಸೆಯನ್ನು ಕಾವಲಿಯಿಂದ ಬರಿ ಬೆರಳಲ್ಲಿ ಎತ್ತುತ್ತಿದ್ದೆ. ಮಗಳು "ಅಮ್ಮ, ಯುವರ್ ಹ್ಯಾಂಡ್ಸ್ ಆರ್ ಲೈಕ್ ಐರನ್" ಎನ್ನುತ್ತಿದ್ದಳು. ಸಕ್ಕರೆ ಕಾಯಿಲೆ ಹದಿನಾಲ್ಕು ವರ್ಷದ್ದು. ಯುಗಾದಿಗೂ ಮುಂಚೆಯಿಂದ ಬೆರಳ ತುದಿ ಬಟ್ಟೆ ಸುತ್ತಿದ ಹಾಗಿತ್ತು. ಗೊತ್ತಿತ್ತು. ತಂತಿ ಹಿಡಿಯುವುದಕ್ಕೆ ಕಣ್ಣು ಸಾಕು ಎಂದುಕೊಂಡಿದ್ದೆ. ಹೇಳಿದರೆ ಮಗಳು ಕೆಲಸ ಬಿಡಿಸುತ್ತಾಳೆ. ಬಿಡಿಸಿದರೆ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕೂತು ಫ್ರೀವೇಯಲ್ಲಿ ಓಡುವ ಕಾರು ನೋಡಬೇಕು.

ಗಾರ್ಡಿನವರು ಮೂರನೇ ಸಲ ಬಂದಾಗ ಸ್ಟೂಲಿನ ಮೇಲೆ ಕೂರಲಿಲ್ಲ. ಹತ್ತಿರ ಬರುವ ಮೊದಲೇ ವಾಸನೆ ಬಂತು. ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ಸೇದ್ಬಿಟ್ಟೆ ತಾಯಿ."

"ಎಷ್ಟು?"

"ಮೊನ್ನೆ ಒಂದು. ನಿನ್ನೆ ನಾಲ್ಕು." ಡಬ್ಬಿಯನ್ನು ನನ್ನತ್ತ ತಳ್ಳಿದರು. "ಮಗು ತೊಡೆ ಮೇಲೆ ಹತ್ತಿ ಕೂತು, ಮೂಸಿ, ಇಳಿದು ಹೋಯ್ತು. ಏನೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಇದು ನಂಗಿನ್ನು ಬೇಡ. ಯಾರಿಗಾದ್ರೂ ಕೊಟ್ಬಿಡಿ."

ಹೋದರು. ಬಾಗಿಲ ಗಂಟೆ ಒಮ್ಮೆ ಆಡಿತು. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಗೊತ್ತಿತ್ತು, ಅನ್ನಿಸಲಿಲ್ಲ. ಡಬ್ಬಿಯಿಂದ ಬ್ಯಾಟರಿ ತೆಗೆದು ಅಭ್ಯಾಸದ ಮೇಲೆ ಚಾರ್ಜಿಗೆ ಹಾಕಿ ಬೇರೆ ಕೆಲಸ ನೋಡಿದೆ.

ಮಧ್ಯಾಹ್ನ ಊಟ ಮುಗಿಸಿ ಬಂದು ಬ್ಯಾಟರಿ ತೆಗೆದೆ. ಮುಷ್ಟಿಯಲ್ಲಿ ಹಿಡಿದು ನೋಡಿದೆ. ಸರಿಯಾಗಿದೆ ಅನ್ನಿಸಿತು. ಯಜಮಾನ ಒಳಗೆ ಬಂದಿದ್ದ. "ಇದು ಗಾರ್ಡಿನವರದ್ದು, ಒಳ್ಳೆ ಬ್ಯಾಟರಿ, ಎತ್ತಿಡು" ಎಂದು ಅವನ ಕೈಗೆ ಕೊಟ್ಟೆ.

"ಅಯ್ಯಬ್ಬಾ!" ಎಂದು ಬಿಸಾಡಿದ. ಅದು ನೆಲದ ಮೇಲೆ ಉರುಳಿತು. "ಬೆಂಕಿ ಉಂಟು ಮಾರಾಯ್ರೆ ಇದು! ನೀವು ಹೇಗೆ ಹಿಡಿದದ್ದು?" ಚಪ್ಪಲಿ ಕಾಲಿನಿಂದ ಒದೆಯುತ್ತಾ ಹಿಂದಿನ ಬಾಗಿಲಿನಿಂದ ಸಿಮೆಂಟಿನ ನೆಲಕ್ಕೆ ತಳ್ಳಿದ. ಇಕ್ಕಳದಲ್ಲಿ ಹಿಡಿದು ಮರಳಿನ ಬಕೆಟ್ಟಿಗೆ ಹಾಕಿದ. ದೂರ ನಿಂತು ನೋಡಿದೆವು. ಸಿಡಿಯಲಿಲ್ಲ. ತೆಳುವಾಗಿ ಹೊಗೆ ಬಂತು, ಸಿಹಿ ವಾಸನೆ ಬಂತು, ನಿಂತಿತು.

"ಅಮ್ಮ, ಕೈ ತೋರಿಸಿ" ಎಂದ.

ಅಂಗೈಯಲ್ಲಿ ಬ್ಯಾಟರಿಯಷ್ಟೇ ಉದ್ದದ ಕೆಂಪು ಗುರುತು ಎದ್ದಿತ್ತು. ನೋವಿರಲಿಲ್ಲ. ಆ ಬ್ಯಾಟರಿ ಗಾರ್ಡಿನವರ ಪ್ಯಾಂಟಿನ ಜೇಬಿನಲ್ಲಿ ಕೂತು ಇಷ್ಟು ದಿನ ಎರಡೆರಡು ಬಸ್ಸು ಹತ್ತಿ ಇಳಿಯುತ್ತಿತ್ತು. ನಾನು ಮುಟ್ಟಿ ನೋಡಿ ಸರಿಯಿದೆ ಎಂದು ಕೊಟ್ಟದ್ದು.

ಕೈಯನ್ನು ನಲ್ಲಿ ಕೆಳಗೆ ಹಿಡಿದೆ. ಆಮೇಲೆ ಪುಸ್ತಕ ತೆಗೆದೆ. ಮತ್ತೆ ವಾಪಸು ಬಂದು ಕಪಾಟಿನಲ್ಲಿ ಹಿಂದಿನ ದಿನದಿಂದ ಕೂತಿದ್ದ ಡಬ್ಬಿಗಳು ನಾಲ್ಕು, ಗಾರ್ಡಿನವರದ್ದು ಸೇರಿ ಐದು. ಐದಕ್ಕೂ ಗುಂಡಿ ಒತ್ತದೆ, ಕಾಯಿಸದೆ, ಹೊಸ ಬ್ಯಾಟರಿ ಹಾಕಿ ಲಾಕ್ ತೆಗೆದು ಓಮ್ಸು ನೋಡಿದೆ. ಗಾರ್ಡಿನವರದ್ದು ಪುಸ್ತಕದಲ್ಲಿ 0.52, ಈಗ 0.50. ಇನ್ನೊಂದು 0.47 ಇದ್ದದ್ದು 0.45. ಐದೂ ಕಡಿಮೆ. ಒಂದೂ ಹೆಚ್ಚಿಲ್ಲ. ಕೊಳೆಯಾಗಿದ್ದರೆ, ತಂತಿಯಾಗಿದ್ದರೆ, ಒಂದು ಮೇಲೆ ಒಂದು ಕೆಳಗೆ ಇರುತ್ತಿತ್ತು. ಐದನ್ನೂ ನಾನು ಬೆಚ್ಚಗಿರುವಾಗಲೇ ಲಾಕ್ ಮಾಡಿದ್ದೆ.

ಯಜಮಾನನಿಗೆ ಪುಸ್ತಕ ತೋರಿಸಿ ಹೇಳಿದೆ. ಬೆರಳಿನದ್ದೂ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ, ಪುಸ್ತಕವನ್ನೇ ನೋಡಿದ.

"ಒಂದು ಕೆಲಸ ಮಾಡುವ ಅಮ್ಮ. ಎಲ್ಲರಿಗೂ ತಂತಿ ಸರಿ ಇರಲಿಲ್ಲ ಅಂತ ಹೇಳುವ. ನಿಮ್ಮ ಕೈ ವಿಷಯ ಯಾರಿಗೆ ಬೇಕು? ಇನ್ನು ಮುಂದೆ ಮರುದಿನವೇ ಲಾಕ್ ಮಾಡಿದರೆ ಮುಗೀತು."

"ತಂತಿ ಸರಿ ಇತ್ತು."

"ಗೊತ್ತುಂಟು. ನಾನು ನಿಮಗೋಸ್ಕರ ಹೇಳುವುದು."

"ನನಗೋಸ್ಕರ ಬೇಡ. ಆ ಮನುಷ್ಯ ಡಬ್ಬಿನೇ ಕೆಟ್ಟದ್ದು ಅಂತ ಬಿಟ್ಟು ಹೋಗಿದಾರೆ. ಫೋನ್ ಹಚ್ಚಿಕೊಡು."

ಹಚ್ಚಿಕೊಟ್ಟ. ಗಾರ್ಡಿನವರ ಹಿಂದೆ ರಸ್ತೆಯ ಸದ್ದಿತ್ತು.

"ನಿಮ್ಮ ಡಬ್ಬಿ ಸರಿ ಇದೆ" ಎಂದೆ. "ನಾನು ಸರಿ ಇರ್ಲಿಲ್ಲ. ನನ್ನ ಬೆರಳಿಗೆ ಬಿಸಿ ಗೊತ್ತಾಗಲ್ಲ. ಬಿಸಿ ತಂತೀನ ತಣ್ಣಗಿದೆ ಅಂತ ಲಾಕ್ ಮಾಡಿಕೊಟ್ಟೆ. ಮೂರು ಸಲ."

"ಗೊತ್ತಿತ್ತಾ ನಿಮ್ಗೆ?"

"ಬೆರಳಿಂದು ಗೊತ್ತಿತ್ತು. ಅದರಿಂದ ಹೀಗಾಗತ್ತೆ ಅಂತ ಗೊತ್ತಿರ್ಲಿಲ್ಲ."

"ನಾನೀಗ ಸೇದ್ತಾ ಇದೀನಿ ತಾಯಿ. ಇವತ್ತಿಗೆ ಆರನೇದು."

"ಸೇದ್ಕೊಳ್ಳಿ. ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಬನ್ನಿ."

ಬರುತ್ತೇನೆ ಎನ್ನಲಿಲ್ಲ. ಫೋನ್ ಇಟ್ಟುಬಿಟ್ಟರು.

ಐದು ಬುರುಡೆಗಳನ್ನೂ ಬಿಚ್ಚಿದೆ. ಸುಟ್ಟ ಹತ್ತಿ ತೆಗೆದು, ತಂತಿ ಕೆಂಪಾಗಿಸಿ, ಉಜ್ಜಿ, ಸ್ಕ್ರೂ ಬಿಗಿ ಮಾಡಿದೆ. ಲಾಕ್ ಮಾಡಲಿಲ್ಲ. ಹತ್ತಿ ಹಾಕಲಿಲ್ಲ. ಮೇಜಿನ ಮೇಲೆ ಒಂದರ ಪಕ್ಕ ಒಂದು ಹಾಗೇ ಬಿಟ್ಟು, ಯಾರೂ ಮುಟ್ಟಬೇಡಿ ಎಂದು ಕಾಗದದ ಮೇಲೆ ಬರೆದಿಟ್ಟೆ. ಅಂಗಡಿಯಲ್ಲಿ ಕನ್ನಡ ಓದುವವನು ಒಬ್ಬನೇ, ಅವನು ಮುಟ್ಟುವವನಲ್ಲ. ಆದರೂ ಬರೆದೆ.

ಸಂಜೆ ಮಗಳು ಕೈ ನೋಡಿದಳು. ಹಲ್ಲುಕಡ್ಡಿಯ ಮೊನೆಯಿಂದ ಒಂದೊಂದು ಬೆರಳಿಗೂ ಚುಚ್ಚಿದಳು. "ಗೊತ್ತಾಗ್ತಿದ್ಯಾ? ಇದು? ಇದು?" ಹೆಬ್ಬೆರಳಿಗೆ ಸ್ವಲ್ಪ ಗೊತ್ತಾಯಿತು.

"ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ಮನೇಲಿ ಕೂರಿಸ್ತಿದ್ದೆ."

"ಹೂಂ. ಕೂರಿಸ್ತಿದ್ದೆ" ಎಂದಳು. ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು, ಮುಲಾಮು ಹಚ್ಚಿದಳು. ಕೆಲಸದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಬೆಳಿಗ್ಗೆ ನಾನೇ ಮೊದಲು ಹೋದೆ. ಯಜಮಾನ ಬಂದು ಬಾಗಿಲು ತೆಗೆದ. ಹೀಟರು ಹಾಕಬೇಡ ಎಂದೆ. ಮೇಜಿನ ಮೇಲೆ ಐದೂ ಇಟ್ಟಲ್ಲೇ ಇದ್ದವು. ಹತ್ತು ನಿಮಿಷಕ್ಕೆ ಬಾಗಿಲ ಗಂಟೆ ಆಡಿತು. ಗಾರ್ಡಿನವರು ಸಿಗರೇಟು ವಾಸನೆಯ ಸಮೇತ ಒಳಗೆ ಬಂದು ನಿಂತರು.

"ಬೆರಳು ಕೊಡಿ" ಎಂದೆ.

"ಯಾಕೆ?"

"ನನ್ನದು ನಡೆಯಲ್ಲ. ನಿಮ್ಮದು ಬೇಕು."

ತೋರುಬೆರಳು ಚಾಚಿದರು. ಹಿಡಿದು ತಂತಿಯ ಮೇಲಿಟ್ಟೆ.

"ತಣ್ಣಗಿದ್ಯಾ?"

"ತಣ್ಣಗಿದೆ."

"ಸರಿಯಾಗಿ ನೋಡಿ ಹೇಳಿ."

"ಅಲ್ಲ ತಾಯಿ, ಗಾಡಿ ನಿಂತ ಕಡೆಯೆಲ್ಲ ಇಳಿದು ಆಕ್ಸಲ್ ಬಿಸಿಯಾಗಿದ್ಯಾ ಅಂತ ಕೈಯಿಟ್ಟು ನೋಡಿದೋನು ನಾನು. ನನಗೆ ಹೇಳ್ಕೊಡ್ತೀರಾ? ತಣ್ಣಗಿದೆ."

ಲಾಕ್ ಮಾಡಿದೆ. 0.50. ಹತ್ತಿ ಹಾಕಿ, ರಸ ತುಂಬಿ, ಅಂಗಡಿಯ ಹೊಸ ಬ್ಯಾಟರಿ ಹಾಕಿ ಕೊಟ್ಟೆ. ಬಾಗಿಲಾಚೆ ನಿಂತು ಒಂದು ಸಲ ಎಳೆದರು. ಇನ್ನೊಂದು ಸಲ ಎಳೆದರು. ಕೆಮ್ಮಲಿಲ್ಲ. ಒಳಗೆ ಬಂದು ಅಂಗಿ ಜೇಬಿನಿಂದ ಸಿಗರೇಟಿನ ಪ್ಯಾಕೆಟ್ಟು ತೆಗೆದು ನನ್ನ ಮೇಜಿನ ತುದಿಗಿಟ್ಟರು.

ಪುಸ್ತಕದಲ್ಲಿ 0.52 ಹೊಡೆದುಹಾಕಿ 0.50 ಎಂದು ಬರೆದೆ. ಪಕ್ಕದಲ್ಲಿ, ಮುಟ್ಟಿ ನೋಡಿದವರು ಗಾರ್ಡು ಎಂದು ಬರೆದೆ.

ಇನ್ನೂ ನಾಲ್ಕಿದ್ದವು.

"ಕೂತ್ಕೊಳ್ಳಿ" ಎಂದೆ.

ಸ್ಟೂಲು ಎಳೆದುಕೊಂಡು ಕೂತರು.